ಮೂರು ಬ್ರಾಂಚಿಗೂ ಒಂದೇ ತಪ್ಪು

ಉಷಾರಾಣಿ ಕೆಲಸಕ್ಕೆ ಸೇರಿದ ಮೇಲೆ ರಾಜಶೇಖರನ ಫೋನು ಮೂಕವಾಯಿತು. ಅರಸೀಕೆರೆಯ ಆ ಪುಟ್ಟ ಸಾಫ್ಟ್‌ವೇರ್ ಆಫೀಸಿನಲ್ಲಿ ಮೊದಲು ಅವನಿಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡಿನ ಮೂರು ಲಾಡ್ಜುಗಳ ರೂಮು ಬುಕಿಂಗ್ ನಡೆಯುತ್ತಿದ್ದದ್ದು ಅವನು ಬರೆದ ಪ್ರೋಗ್ರಾಮಿನಿಂದ. ಏನು ಕೆಟ್ಟರೂ ಅವನಿಗೇ ಫೋನು. ಈಗ ಎಲ್ಲರಿಗೂ ಉಷಾ ಮೇಡಂ ಸಾಕು. ಒಬ್ಬನೇ ಇರುವ ಮನೆಯಲ್ಲಿ ಅನ್ನ ಬಿಸಿ ಮಾಡಿಕೊಳ್ಳುವಾಗಲೂ ಫೋನನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದ. ಅದು ಹೊಡೆದುಕೊಳ್ಳುತ್ತಿರಲಿಲ್ಲ. ಸುಳ್ಳೇಕೆ, ಹೊಟ್ಟೆ ಉರಿಯುತ್ತಿತ್ತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಂದೊಂದು ಲಾಡ್ಜಿಗೂ ಪ್ರೋಗ್ರಾಮಿನ ಒಂದೊಂದು ಪ್ರತಿ ಇತ್ತು. ಅದನ್ನು ಬ್ರಾಂಚ್ ಎನ್ನುತ್ತಿದ್ದರು. ಯಾವ ಬ್ರಾಂಚಿನಲ್ಲಿ ಯಾರು ಏನು ತಿದ್ದಿದರೂ ಹೆಸರು, ತಾರೀಖು ಸಮೇತ ಸರ್ವರಿನಲ್ಲಿ ಕೂತುಬಿಡುತ್ತಿತ್ತು. ಉಷಾರಾಣಿಗೆ ಪಾಸ್‌ವರ್ಡ್ ಹಾಕಿಕೊಟ್ಟವನು ಇವನೇ. ಆಕೆ ಇನ್ನೂ ಬದಲಿಸಿರಲಿಲ್ಲ. ಆಕೆಯ ಹೆಸರಿನಲ್ಲಿ ತಪ್ಪು ತಿದ್ದುಪಡಿಯೊಂದನ್ನು ಮೂರೂ ಬ್ರಾಂಚಿಗೆ ಸೇರಿಸಬೇಕು. ಒಂದರಲ್ಲಾದರೆ ಯಾರಾದರೂ ಹುಡುಕಿಯಾರು. ಮೂರರಲ್ಲೂ ಹೆಣೆದುಕೊಂಡದ್ದನ್ನು ಬಿಡಿಸಲು ರಾಜಶೇಖರನೇ ಬರಬೇಕು.

ಆಫೀಸಿನ ದಿನವಾದರೆ ಪಕ್ಕ ಕೂತವರು ಆಕೆಯ ಪರ ಸಾಕ್ಷಿ ಹೇಳಿಯಾರು ಎಂದು ರಜೆಯ ದಿನವನ್ನೇ ಆರಿಸಿದ. ರಜೆಯಲ್ಲೂ ಮನೆಯಲ್ಲಿ ಕೂತು ಕೆಲಸ ಮಾಡುವ ಚಟ ಆಕೆಗಿದ್ದದ್ದು ಎಲ್ಲರಿಗೂ ಗೊತ್ತು. ಮಟಮಟ ಮಧ್ಯಾಹ್ನ ಮನೆಯ ಬಾಗಿಲು ಹಾಕಿಕೊಂಡು ತನ್ನ ಲ್ಯಾಪ್‌ಟಾಪಿನಲ್ಲಿ ಕೆಲಸ ಮುಗಿಸಿದ.

ಮುಂದಿನ ವಾರ ಹೊಸ ತಿದ್ದುಪಡಿಗಳಿದ್ದ ಪ್ರೋಗ್ರಾಂ ಲಾಡ್ಜುಗಳಿಗೆ ಹೋಯಿತು. ಒಂದೇ ರೂಮು ಇಬ್ಬಿಬ್ಬರಿಗೆ ಸಿಕ್ಕಿತು. ಹಳೇಬೀಡಿನಲ್ಲಿ ಹೆಂಗಸೊಬ್ಬಳು ಜ್ವರದ ಕೂಸನ್ನು ಎತ್ತಿಕೊಂಡು ಲಾಡ್ಜಿನ ಮೆಟ್ಟಿಲ ಮೇಲೆ ಕೂತಿದ್ದಳಂತೆ. ಕೇಳಿ ಅವನಿಗೆ ಚುರುಕ್ಕೆಂದಿತು. ಅಷ್ಟರಲ್ಲಿ ಬೇಲೂರು ಲಾಡ್ಜಿನ ಮ್ಯಾನೇಜರ್ ಕುಮಾರಸ್ವಾಮಿಯ ಫೋನು ಬಂತು. "ರಾಜಣ್ಣ, ನೀನೇ ಒಸಿ ನೋಡಣ್ಣ. ಇನ್ಯಾರ ಕೈಲೂ ಆಗಾಕಿಲ್ಲ." ಎಷ್ಟು ದಿನವಾಗಿತ್ತು ಈ ಮಾತು ಕೇಳಿ! ಕದ್ದವನಿಗೇ ಕಳ್ಳನನ್ನು ಹಿಡಿಯುವ ಕೆಲಸ ಸಿಕ್ಕಿತ್ತು. ಅವನು ಬೇಕೆಂದೇ ನಿಧಾನವಾಗಿ ಹುಡುಕಿದ. ದಿನವೆಲ್ಲ ಫೋನು, ಮಾತು, ವಿಚಾರಣೆ. ಬಹಳ ಕಾಲದ ಮೇಲೆ ಹೊಟ್ಟೆ ತುಂಬ ಉಂಡ.

ಕೊನೆಗೆ ಆಫೀಸಿನ ಮಾಲೀಕ ಗಂಗಾಧರಪ್ಪನವರ ಮುಂದೆ ಪರದೆ ತಿರುಗಿಸಿದ. ಮೂರೂ ಬ್ರಾಂಚಿನಲ್ಲಿ ಅದೇ ತಪ್ಪು, ಅದೇ ತಾರೀಖು, ಅದೇ ಹೆಸರು. ಬೈಯಬೇಡಿ, ಹೊಸಬರು ಎಂದು ತಾನೇ ಆಕೆಯ ಪರ ಒಂದು ಮಾತೂ ಆಡಿದ. ಉಷಾರಾಣಿ ಕಣ್ಣೊರೆಸಿಕೊಂಡು, ತಾನು ಮಾಡಿಲ್ಲ ಎಂದಷ್ಟೇ ಹೇಳಿದಳು.

ಗಂಗಾಧರಪ್ಪ ಕನ್ನಡಕ ಏರಿಸಿ ತಾರೀಖನ್ನು ಮತ್ತೊಮ್ಮೆ ಓದಿದರು. "ಇದು ಆಯುಧಪೂಜೆ ದಿನ ಕಣಪ್ಪ," ಎಂದರು ಮೆಲ್ಲಗೆ. "ಈ ಸಲ ಎಲ್ಲರ ಲ್ಯಾಪ್‌ಟಾಪೂ ವಿಭೂತಿ ಬಳ್ಕೊಂಡು ಮಾರನೇ ಬೆಳಿಗ್ಗೆವರೆಗೂ ನಮ್ಮನೆ ದೇವರ ಮುಂದೆ ಇದ್ವು. ಉಷಾದೂ ಅಲ್ಲೇ ಇತ್ತು. ನಿನ್ನನ್ನೂ ಕರೆದಿದ್ದೆ, ಊಟಕ್ಕೆ ಬಹಳ ಹೊತ್ತು ಕಾದ್ವಿ. ಪೂಜೆಗೆ ಬರದೇ ಇದ್ದ ಲ್ಯಾಪ್‌ಟಾಪು ನಿಂದೊಂದೇ."