ತಲೆಬಾಗದ ಮೀನು

ಸೋಮವಾರ ಬೆಳಿಗ್ಗೆ ಎಂಟು ಗಂಟೆ. ಟ್ಯಾಂಕಿನ ಮುಂದೆ ನಿಂತ ಶಾಲಿನಿ ಹೆಗಲ ಬ್ಯಾಗನ್ನೂ ಇಳಿಸಿರಲಿಲ್ಲ.

“ನೀಲಕ್ಕ, ಸ್ವಲ್ಪ ಬನ್ನಿ ಇಲ್ಲಿ. ಪುಟ್ಟನ್ನ ನೋಡಿ.”

ಕಾಫಿ ಸೋಸುತ್ತಿದ್ದ ನೀಲಗಂಗಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. ನಾಲ್ಕಡಿಯ ಗಾಜಿನ ಟ್ಯಾಂಕು, ಉಪ್ಪುನೀರು, ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು. ದೊಡ್ಡದರ ಹೆಸರು ಗೌಡ್ತಿ, ಚಿಕ್ಕದರ ಹೆಸರು ಪುಟ್ಟ. ಗೌಡ್ತಿ ಚಿಕ್ಕದರ ಮೇಲೆ ಎರಗಿ ಎರಗಿ ಕಚ್ಚುತ್ತಿತ್ತು. ಚಿಕ್ಕದರ ಬಾಲ ಹರಿದು ಚಿಂದಿಯಾಗಿತ್ತು. ಆದರೂ ಅದು ತಿರುಗಿ ನಿಂತು ಗೌಡ್ತಿಗೇ ಬಾಯಿ ಹಾಕಿತು.

ನೀಲಗಂಗಮ್ಮ ಗಾಜಿನ ಹತ್ತಿರಕ್ಕೆ ಮುಖ ತಂದರು. ಗಾಯವಲ್ಲದೆ ಬೇರೆ ಏನೋ ಇಲ್ಲಿ ಸರಿಯಿಲ್ಲ. ಏನದು?

ಹಿಂದಿನಿಂದ ಶಶಿಧರನ ದನಿ ಬಂತು. ಶಾಲಿನಿಯ ಗಂಡ. ಮೂರು ದಿನದ ಮದುವೆ ಮುಗಿಸಿ ಇಬ್ಬರೂ ತುಮಕೂರಿನಿಂದ ಆಗತಾನೆ ಕಾರಿನಲ್ಲಿ ಬಂದಿಳಿದಿದ್ದರು.

“ಶುಕ್ರವಾರ ಮನೆ ಒರೆಸೋಕೆ ಬಂದಿದ್ರಲ್ಲ, ಗಾಜು ಏನು ಹಾಕಿ ಒರೆಸಿದ್ರಿ?”

“ಒಣ ಬಟ್ಟೆ ಸಾರ್.”

“ಸೋಪಿನ ಸ್ಪ್ರೇ ಹೊಡೆದಿರ್ತೀರ. ನೀರಿಗೆ ಬಿದ್ದಿರುತ್ತೆ. ಮೈ ಉರಿ ತಡೆಯೋಕಾಗದೆ ಕಚ್ಚಾಡ್ತಿವೆ. ನೋಡಿ ಕೆಲಸ ಮಾಡ್ಬೇಕಲ್ವಾ?”

ಕತ್ರಿಗುಪ್ಪೆಯ ಈ ಮನೆಯಲ್ಲಿ ನೀಲಗಂಗಮ್ಮನದು ಹನ್ನೊಂದು ವರ್ಷದ ಕೆಲಸ. ಶ್ರೀನಗರದಿಂದ ದಿನವೂ ನಡೆದೇ ಬರುವವರು; ಮನೆಯವರಿಲ್ಲದ ಶನಿವಾರ, ಭಾನುವಾರ ಮಾತ್ರ ಬಂದಿರಲಿಲ್ಲ. ಒಂದು ಮಾತು ಅನ್ನಿಸಿಕೊಂಡವರಲ್ಲ. ಕಿವಿ ಬಿಸಿಯಾಯಿತು. ಸೋಫಾದ ಕಡೆ ನೋಡಿದರು. ಶಶಿಧರನ ತಮ್ಮ ರಘು ಅಲ್ಲಿ ಕೂತಿದ್ದ. ಬಿಟಿಎಂ ಲೇಔಟಿನ ಪಿಜಿಯಲ್ಲಿ ಇರುವವನು. ಮೂರು ದಿನವೂ ಮೀನಿಗೆ ಆಹಾರ ಹಾಕಿದ್ದು ಅವನೇ. ಬೀಗದ ಕೈ ಕೊಡಲು ಬಂದಿದ್ದ. ಈಗ ಕಾಫಿ ಲೋಟದ ತಳ ನೋಡುತ್ತಿದ್ದ.

“ಸಾರ್, ತಪ್ಪು ನನ್ನದಾದ್ರೆ ಇವತ್ತೇ ಕೆಲಸ ಬಿಡ್ತೀನಿ. ಅದಕ್ಕೆ ಮುಂಚೆ ಒಂದೆರಡು ಮಾತು ಕೇಳ್ಬೇಕು. ಮೀನಿನ ಅಂಗಡಿಯ ವಿಷ್ಣು ಅವರನ್ನ ಕರೆಸ್ತೀರಾ?”

ಶಶಿಧರ್ ಏನೋ ಹೇಳಹೊರಟ. ಶಾಲಿನಿ ಆಗಲೇ ಫೋನ್ ಕಿವಿಗಿಟ್ಟಿದ್ದಳು.

ವಿಷ್ಣು ಬರಲು ಮುಕ್ಕಾಲು ಗಂಟೆ ಹಿಡಿಯಿತು. ಜೆ.ಪಿ. ನಗರದ ಮೀನಿನ ಅಂಗಡಿಯವನು. ಟ್ಯಾಂಕ್ ಕೂರಿಸಿದ್ದು ಅವನೇ, ವಾರಕ್ಕೊಮ್ಮೆ ನೀರು ನೋಡಿ ಹೋಗುವುದೂ ಅವನೇ. ಅಷ್ಟರಲ್ಲಿ ನೀಲಗಂಗಮ್ಮ ಎರಡು ಕೆಲಸ ಮಾಡಿದ್ದರು. ಒಂದು—ತೂತಿನ ಪ್ಲಾಸ್ಟಿಕ್ ಬುಟ್ಟಿಯೊಂದನ್ನು ಚೆನ್ನಾಗಿ ತೊಳೆದು ಶಾಲಿನಿಗೆ ಕೊಟ್ಟು, ಅದನ್ನು ಟ್ಯಾಂಕಿನ ನೀರಿಗೇ ಇಳಿಸಿ ಚಿಕ್ಕ ಮೀನನ್ನು ಬೇರೆ ಮಾಡಿಸಿದ್ದು. ಇನ್ನೊಂದು—ನೆಲಕ್ಕೆ ಬಗ್ಗಿ ಟ್ಯಾಂಕಿನ ಹಿಂದೆ, ಗೋಡೆಯ ಸಂದಿಯನ್ನು ನೋಡಿದ್ದು.

ವಿಷ್ಣು ನೀರು ಪರೀಕ್ಷಿಸಿದ. ತಲೆ ಅಲ್ಲಾಡಿಸಿದ.

“ಸೋಪು ಬಿದ್ದಿಲ್ಲ ಸಾರ್. ಒಂದು ಹನಿ ಬಿದ್ದಿದ್ರೂ ಈ ನೊರೆ ತೆಗೆಯೋ ಮೆಷಿನ್ ಉಕ್ಕಿ ನೆಲಕ್ಕೆಲ್ಲ ಹರೀತಿತ್ತು. ನೀರು ಸಖತ್ತಾಗಿದೆ.”

“ಮತ್ತೆ ಯಾಕೆ ಹಂಗೆ ಕಚ್ಚಾಡ್ತಿದ್ವು?” ಶಶಿಧರ್ ಕೇಳಿದ.

“ಅದೇ ಗೊತ್ತಾಗ್ತಿಲ್ಲ ಸಾರ್. ಒಳ್ಳೆ ಜೋಡಿ ಇದು. ನಾನೇ ನೋಡಿ ಕೊಟ್ಟಿದ್ದು.”

ಶಶಿಧರ್ ಈಗ ವಿಷ್ಣುವನ್ನೇ ದುರುಗುಟ್ಟಿ ನೋಡಿದ. ನೀಲಗಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದರು.

“ವಿಷ್ಣು, ನೀವು ಬಂದಿದ್ದು ಯಾವತ್ತು?”

“ಶನಿವಾರ ಮಧ್ಯಾಹ್ನ. ವಾಚ್‌ಮನ್ ಹತ್ರ ಇದ್ದ ಕೀ ಇಸ್ಕೊಂಡು ಬಂದೆ.”

“ಎರಡು ಮೀನೂ ಇತ್ತಾ?”

“ದೊಡ್ಡದು ಕಾಣಿಸ್ತು. ಚಿಕ್ಕದು ಕಾಣ್ಲಿಲ್ಲ. ಹೊಸ ಟ್ಯಾಂಕಲ್ಲಿ ಕಲ್ಲಿನ ಹಿಂದೆ ಅವಿತ್ಕೊಳ್ತವೆ ಆಂಟಿ, ಅದಕ್ಕೇ ಹುಡುಕ್ಲಿಲ್ಲ.”

“ಟ್ಯಾಂಕಿನ ಮೇಲಿನ ಜಾಲರಿ ಮುಚ್ಚಿತ್ತಾ?”

ವಿಷ್ಣು ಜಾಲರಿಯ ಕಡೆ ನೋಡಿದ. “ಇಲ್ಲ. ಒಂದು ಕಡೆ ಸರಿದಿತ್ತು. ನಾನೇ ಮುಚ್ಚಿದೆ.”

“ಮೇಡಂ, ರಘು ಅವರು ದಿನಾ ವಿಡಿಯೊ ಕಳಿಸ್ತಿದ್ರಂತಲ್ಲ, ತೋರಿಸ್ತೀರಾ?”

ಶಾಲಿನಿ ಮನೆಯವರ ವಾಟ್ಸಾಪ್ ಗುಂಪು ತೆರೆದಳು. ಶನಿವಾರ ಬೆಳಿಗ್ಗೆಯ ವಿಡಿಯೊ: ಆಹಾರ ಬಿತ್ತು, ಗೌಡ್ತಿ ಮೊದಲು ಬಂದಿತು. ಚಿಕ್ಕದು ಪಕ್ಕಕ್ಕೆ ನಿಂತು ತಲೆ ಬಾಗಿಸಿ ಗಡಗಡ ನಡುಗಿತು. ಆಮೇಲೆ ತಿಂದಿತು. ಶನಿವಾರ ಸಂಜೆಯದು: ಗೌಡ್ತಿ ಒಂದೇ. ಭಾನುವಾರ ಬೆಳಿಗ್ಗೆಯದು: ಎರಡೂ ಇವೆ, ಚಿಕ್ಕದು ನೀರಿನ ಮೇಲ್ಭಾಗದ ಮೂಲೆಗೆ ಅಂಟಿಕೊಂಡಿದೆ. ಅದರ ಕೆಳಗೆ ಶಾಲಿನಿ ತಾನೇ ಬರೆದಿದ್ದಳು—‘ಪುಟ್ಟ ದಪ್ಪ ಆಗಿದಾನೆ’.

“ಮೂರು ದಿನಕ್ಕೆ ಮೀನು ದಪ್ಪ ಆಗುತ್ತಾ ಮೇಡಂ?”

ಶಾಲಿನಿ ವಿಡಿಯೊವನ್ನು ಮತ್ತೊಮ್ಮೆ ಹಾಕಿದಳು.

“ರಘು ಅವರೇ, ಊಟ ಹಾಕಿದಾಗ ಪುಟ್ಟ ಹೆಂಗೆ ಬರ್ತಿತ್ತು?”

“ಹೆಂಗೆ ಅಂದ್ರೆ? ಎರಡೂ ಮೇಲೆ ಬಂದು ತಿಂತಿದ್ವು. ಎರಡೂ ಒಂದೇ ತರ ಅಲ್ವಾ ನೀಲಕ್ಕ, ಮೀನಂದ್ರೆ ಮೀನು.”

“ಅಲ್ಲ,” ಎಂದರು ನೀಲಗಂಗಮ್ಮ. ಅವರ ದನಿ ಏರಲಿಲ್ಲ. ಆದರೆ ಎಲ್ಲರೂ ಅವರತ್ತ ತಿರುಗಿದರು.

“ಈ ಟ್ಯಾಂಕ್ ನನ್ನ ಒಲೆಗೆ ಎದುರಿಗಿದೆ. ದಿನಾ ರೊಟ್ಟಿ ತಟ್ತಾ ಎರಡು ಗಂಟೆ ನೋಡ್ತೀನಿ. ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ರು—ಇವುಗಳಲ್ಲಿ ದೊಡ್ಡದು ಹೆಣ್ಣು, ಅದೇ ಮನೆಯ ಯಜಮಾನ್ತಿ. ಚಿಕ್ಕದು ಗಂಡು. ಗೌಡ್ತಿ ಹತ್ರ ಬಂದ್ರೆ ಸಾಕು, ಪುಟ್ಟ ಓರೆಯಾಗಿ ನಿಂತು ನಡುಗ್ತಿತ್ತು. ‘ನೀನೇ ದೊಡ್ಡವಳು, ನಾನು ಜಗಳಕ್ಕೆ ಬಂದಿಲ್ಲ’ ಅನ್ನೋ ಹಾಗೆ. ಒಂದು ದಿನ ತಪ್ಪಿಸಿದ್ದಿಲ್ಲ. ಊಟಕ್ಕೂ ಗೌಡ್ತಿಗಿಂತ ಮೊದಲು ಬಂದಿದ್ದಿಲ್ಲ. ಇವತ್ತು ಬೆಳಿಗ್ಗೆ ನಾನು ನೋಡಿದ ಮೀನು ಒಂದು ಸಲಾನೂ ನಡುಗ್ಲಿಲ್ಲ. ಬಾಲ ಹರಿದ್ರೂ ತಿರುಗಿ ಕಚ್ತು. ಪಟ್ಟೆ ಅದೇ, ಬಣ್ಣ ಅದೇ. ಆದ್ರೆ ಇದು ಪುಟ್ಟ ಅಲ್ಲ.”

ಶಾಲಿನಿಯ ಕೈ ಬಾಯಿಗೆ ಹೋಯಿತು. ವಿಷ್ಣು ಬುಟ್ಟಿಯ ಮೇಲೆ ಬಾಗಿ ನೋಡಿದ. ತುಂಬ ಹೊತ್ತು ನೋಡಿದ.

“ಹೌದು ಸಾರ್. ನಾನು ಕೊಟ್ಟಿದ್ದಲ್ಲ ಇದು. ಇದೂ ಹೆಣ್ಣೇ ಇರ್ಬೇಕು. ಯಾವುದೋ ತೊಟ್ಟೀಲಿ ತಾನೇ ದೊಡ್ಡದಾಗಿ ಇದ್ದಿದ್ದು. ಇವು ಹುಟ್ಟೋದೆಲ್ಲ ಗಂಡಾಗಿ, ಗುಂಪಲ್ಲಿ ದೊಡ್ಡದಾದದ್ದು ಹೆಣ್ಣಾಗುತ್ತೆ. ಒಂದು ಸಲ ಹೆಣ್ಣಾದ್ರೆ ಮತ್ತೆ ಗಂಡಾಗಲ್ಲ, ತಗ್ಗಿ ನಡೆಯಲ್ಲ. ಒಂದೇ ಟ್ಯಾಂಕಲ್ಲಿ ಎರಡು ಯಜಮಾನ್ತಿ ಇದ್ರೆ ಒಂದು ಸಾಯೋ ತನಕ ಜಗಳ.”

“ಹಾಗಾದ್ರೆ ಪುಟ್ಟ ಎಲ್ಲಿ?” ಶಶಿಧರ್ ಕೇಳಿದ.

ನೀಲಗಂಗಮ್ಮ ಅವನನ್ನು ಟ್ಯಾಂಕಿನ ಹಿಂದಕ್ಕೆ ಕರೆದು ನೆಲ ತೋರಿಸಿದರು. ಕಪ್ಪು ಗ್ರಾನೈಟಿನ ಮೇಲೆ, ಗೋಡೆಯ ಪಕ್ಕ, ಬೆರಳುದ್ದದ ಬಿಳಿ ಕಲೆ.

“ಬರೀ ನೀರು ಬಿದ್ದು ಒಣಗಿದ್ರೆ ಇಷ್ಟು ಬೆಳ್ಳಗೆ ಆಗಲ್ಲ. ಇದು ಉಪ್ಪು. ಶುಕ್ರವಾರ ಈ ಜಾಗ ನಾನೇ ಒರೆಸಿದ್ದು, ಆಗ ಇರ್ಲಿಲ್ಲ. ಶನಿವಾರ ಬೆಳಿಗ್ಗೆ ಊಟ ಹಾಕಿದವರು ಜಾಲರಿ ಮುಚ್ಚೋದು ಮರೆತ್ರು. ಪುಟ್ಟ ಹಾರಿ ಇಲ್ಲಿ ಬಿದ್ದ. ವಿಷ್ಣು ಬರೋ ಹೊತ್ತಿಗೆ ಅವನು ನೀರಲ್ಲಿರ್ಲಿಲ್ಲ. ಸಂಜೆ ಯಾರೋ ನೋಡಿ ಎತ್ತಿ, ಇನ್ನೊಂದು ಮೀನು ತಂದು ಬಿಟ್ರು.”

“ಯಾರೋ ಅಂದ್ರೆ? ವಿಷ್ಣುನೇ ಯಾಕಾಗಿರಬಾರ್ದು?”

“ವಿಷ್ಣುಗೆ ಮೀನಿನ ಮರ್ಮ ಗೊತ್ತು ಸಾರ್. ಅವರು ಬಿಡೋದಾದ್ರೆ ಮರಿ ಗಂಡು ತಂದು ಬಿಡ್ತಿದ್ರು. ಜಗಳಾನೇ ಆಗ್ತಿರ್ಲಿಲ್ಲ, ನನಗೂ ಗೊತ್ತಾಗ್ತಿರ್ಲಿಲ್ಲ. ಇದು ಪಟ್ಟೆ ಹೊಂದಿಸಿ ತಂದವರ ಕೆಲಸ. ಮೀನಂದ್ರೆ ಮೀನು ಅಂದುಕೊಂಡವರ ಕೆಲಸ.”

ರಘು ಲೋಟ ಕೆಳಗಿಟ್ಟ.

“ಬಿಟಿಎಮ್ಮಲ್ಲಿ ತಗೊಂಡೆ,” ಎಂದ. “ಶನಿವಾರ ಸಂಜೆ ವಿಡಿಯೊ ಕಳಿಸಿದ ಮೇಲೆ ಹುಡುಕಿದ್ರೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಒಂದು ಕೆಲಸ ನೆಟ್ಟಗೆ ಮಾಡಲ್ಲ ನೀನು ಅಂತ ಅಣ್ಣ ಯಾವಾಗ್ಲೂ ಅಂತಿರ್ತಾನೆ. ಅದಕ್ಕೇ ಹೇಳ್ಲಿಲ್ಲ. ಸಾರಿ ಅತ್ತಿಗೆ.”

ಶಾಲಿನಿಯ ಕಣ್ಣು ತುಂಬಿತ್ತು. “ಹೇಳಿದ್ರೆ ಮುಗೀತಿತ್ತಲ್ಲೋ.”

“ಜಾಲರಿ ಮರೆಯೋದು ಯಾರಿಗಾದ್ರೂ ಆಗುತ್ತೆ,” ಎಂದರು ನೀಲಗಂಗಮ್ಮ. “ಅದನ್ನ ನಾನು ಕೇಳಲ್ಲ. ಬೆಳಿಗ್ಗೆ ಸಾರ್ ನನ್ನ ಬೈತಿದ್ದಾಗ ನೀವು ಇಲ್ಲೇ ಕೂತಿದ್ರಿ. ನಾನು ನಿಮ್ಮ ಮುಖ ನೋಡಿದೆ. ಆಗಲೂ ಸುಮ್ಮನಿದ್ರಲ್ಲ, ಅದನ್ನ ಕೇಳ್ತೀನಿ.”

ರಘು ಎದ್ದು ನಿಂತ. “ತಪ್ಪಾಯ್ತು ನೀಲಕ್ಕ.”

ಶಶಿಧರ್ ನೀಲಗಂಗಮ್ಮನತ್ತ ತಿರುಗಿದ. “ನಂದೂ ತಪ್ಪಾಯ್ತು. ಕೇಳದೆ ಅಂದುಬಿಟ್ಟೆ.”

ನೀಲಗಂಗಮ್ಮ ತಲೆಯಾಡಿಸಿದರು. ‘ಇರ್ಲಿ ಬಿಡಿ ಸಾರ್’ ಎನ್ನಲಿಲ್ಲ. ಆ ಮಾತು ತಮಗೆ ಸಲ್ಲಬೇಕಾದದ್ದು, ಸಂದಿದೆ. ನೆಟ್ಟಗೆ ನಿಂತು ಅದನ್ನು ತೆಗೆದುಕೊಂಡರು.

ವಿಷ್ಣು ಹೊಸ ಮೀನನ್ನು ನೀರಿನ ಚೀಲಕ್ಕೆ ಹಾಕಿಕೊಂಡ. ಬಾಲ ವಾಸಿಯಾದ ಮೇಲೆ ಬೇರೆ ಟ್ಯಾಂಕಿಗೆ ಬಿಡುತ್ತೇನೆಂದ. ಗೌಡ್ತಿಗೆ ಮರಿ ಗಂಡೊಂದನ್ನು ತರುತ್ತೇನೆಂದ. ಬಾಗಿಲ ಹತ್ತಿರ ನಿಂತು, “ಆರು ವರ್ಷದಿಂದ ಮೀನು ಮಾರ್ತಿದೀನಿ ಆಂಟಿ. ಬೆಳಿಗ್ಗೆ ನಾನೂ ಬಾಲಾನೇ ನೋಡಿದೆ, ನಡತೆ ನೋಡ್ಲಿಲ್ಲ. ನಮ್ಮ ಅಂಗಡಿಗೆ ಒಂದು ಸಲ ಬನ್ನಿ, ಜೋಡಿ ನೋಡಿ ಹೇಳೋರು ನಮಗೂ ಬೇಕು,” ಎಂದ. ಶಾಲಿನಿ ಅದನ್ನು ಕೇಳಿ, ತನ್ನವರನ್ನೇ ಯಾರೋ ಹೊಗಳಿದಂತೆ ಬೀಗಿದಳು.

ಕೆಲಸ ಮುಗಿಸಿ ನೀಲಗಂಗಮ್ಮ ಕೆಳಗಿಳಿದಾಗ ರಘು ಗೇಟಿನಲ್ಲಿ ಬೈಕ್ ಹಿಡಿದು ಕಾಯುತ್ತಿದ್ದ.

“ಬನ್ನಿ ನೀಲಕ್ಕ, ಶ್ರೀನಗರಕ್ಕೆ ಬಿಡ್ತೀನಿ.”

“ನಡೆದು ಹೋಗ್ತೀನಿ. ನಾಳೆ ಎಂಟಕ್ಕೆ ಬನ್ನಿ. ಮೀನಿಗೆ ಊಟ ಹಾಕೋದು ಹೆಂಗೆ ಅಂತ ಹೇಳಿಕೊಡ್ತೀನಿ.”

ಮರುದಿನ ಅವನು ಏಳೂ ಐವತ್ತಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದ.