ತೊಳೆದ ನಕ್ಷೆ

ಐವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ಚೆಲುವಯ್ಯ ಮೊದಲ ಸಲ ನನ್ನ ಮೇಜಿನ ಮುಂದೆ ಬಂದು ನಿಂತಾಗ ಅವನ ಕೈಯಲ್ಲಿದ್ದದ್ದು ಕುಸ್ತಿ ಪಂದ್ಯದ ಹ್ಯಾಂಡ್‌ಬಿಲ್. ನಾನು ಮೈಸೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಟ್ರೇಸರ್. ಸೇತುವೆ, ಕಾಲುವೆಗಳ ನಕ್ಷೆಯನ್ನು ಟ್ರೇಸಿಂಗ್ ಬಟ್ಟೆಯ ಮೇಲೆ ಮಸಿಯಲ್ಲಿ ತೆಗೆಯುವುದು ನನ್ನ ಕೆಲಸ.

"ಕುಸ್ತಿ ಟಿಕೆಟ್ ಇಲ್ಲಿ ಕೊಡಲ್ಲ," ಎಂದೆ.

ಅವನು ಹಾಳೆ ತಿರುಗಿಸಿದ. ಹಿಂದುಗಡೆ ಪೆನ್ಸಿಲಿನಲ್ಲಿ ಏನೋ ಗೀಚಿತ್ತು.

"ಬದನೆಕಾಯಾ?"

"ನಾಝಲ್ ಕಣ್ರೀ. ಎಂಜಿನ್ ಒಳಕ್ಕೆ ಡೀಸೆಲ್ ಚಿಮ್ಮಿಸ್ತದಲ್ಲ, ಅದು. ಚಿಮ್ಮಿಸಿದ್ಮೇಲೂ ತೊಟ್ಟಿಕ್ತಾ ಇರ್ತದೆ. ಅದ್ಕೇ ಬಸ್ಸು, ಬುಲ್ಡೋಜರು ಎಲ್ಲಾ ಕರಿ ಹೊಗೆ ಕಾರೋದು. ತೊಟ್ಟಿಕ್ಕದಂಗೆ ಒಂದು ವಾಲ್ವ್ ಮಾಡಿವ್ನಿ, ಕಡ್ಲೆಕಾಳಷ್ಟು. ಪೇಟೆಂಟಿಗೆ ನಕ್ಷೆ ಬೇಕಂತೆ."

ಹಿನಕಲ್ಲಿನ ಬೇಸಾಯದ ಮನೆಯವನು, ಬನ್ನಿಮಂಟಪದ ಬಸ್ ಶೆಡ್ಡಿನಲ್ಲಿ ಮೆಕ್ಯಾನಿಕ್. ನಗು ತಡೆದುಕೊಂಡು ಒಪ್ಪಿದೆ.

ಅಂದಿನಿಂದ ಭಾನುವಾರಗಳಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ನಕ್ಷೆಯ ಕೆಲಸ. ನಮ್ಮ ಅಪ್ಪಾಜಿ ವೃಷಭೇಂದ್ರಪ್ಪ ಮೇಷ್ಟ್ರು ಪೇಪರ್ ಹಿಡಿದು ಪಕ್ಕದಲ್ಲೇ ಕಾವಲು. ಟ್ರೇಸಿಂಗ್ ಬಟ್ಟೆಗೆ ಸೀಮೆಸುಣ್ಣದ ಪುಡಿ ತಿಕ್ಕದಿದ್ದರೆ ಮಸಿ ಹಿಡಿಯುವುದಿಲ್ಲ. ತಿಕ್ಕುವುದು ಅವನ ಪಾಲಿನ ಕೆಲಸ. ಎಷ್ಟು ತೊಳೆದರೂ ಗ್ರೀಸ್ ಬಿಡದ ಬೆರಳುಗಳಿಗೆ ಬಿಳಿ ಪುಡಿ ಮೆತ್ತಿಕೊಳ್ಳುತ್ತಿತ್ತು. ನಾಝಲ್ ನೋಡಬೇಕಾದ ನಾನು ಆ ಬೆರಳು ನೋಡುತ್ತಿದ್ದೆ.

"ಮಂಗಳಮ್ಮೋರೆ, ಗೆರೆ ಸೊಟ್ಟಗಾಯ್ತಾ ಅದೆ."

"ನೀವು ಅಷ್ಟು ಹತ್ತಿರ ಉಸಿರು ಬಿಡಬೇಡಿ, ನೆಟ್ಟಗಾಗುತ್ತೆ."

ಪೇಪರ್ ಒಂದಿಷ್ಟು ಕೆಳಗಿಳಿಯುತ್ತಿತ್ತು. ಇಬ್ಬರೂ ನಾಝಲ್ಲಿನ ಮೇಲೆ ಬಗ್ಗುತ್ತಿದ್ದೆವು.

ಒಂದು ದಿನ ಅವನ ಕೈ ಒರೆಸಲು ನನ್ನ ಕರವಸ್ತ್ರ ಕೊಟ್ಟೆ. ಹೂವಿನಷ್ಟು ಮೆತ್ತಗಿದೆ ಎಂದ. "ಕೆಟ್ಟುಹೋದ ನಕ್ಷೆ. ಬಿಸಿನೀರಿಗೆ ಹಾಕಿದ್ರೆ ಗಂಜಿ, ಮಸಿ ಎಲ್ಲಾ ಬಿಟ್ಕೊಂಡು ಒಳ್ಳೇ ಮಲ್ ಬಟ್ಟೆ ಉಳಿಯುತ್ತೆ. ನಮ್ಮ ಆಫೀಸಿನವರ ಕರವಸ್ತ್ರವೆಲ್ಲ ಇದೇ," ಎಂದೆ. ಅವನು ಅದನ್ನು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ನಕ್ಷೆ ಮುಗಿದ ದಿನ ಮೂಲೆಯ ಚೌಕದಲ್ಲಿ ಹೆಸರು ಬರೆದೆ. ಮೇಲೆ ಕಂಡುಹಿಡಿದವನು ಚೆಲುವಯ್ಯ, ಕೆಳಗೆ ಟ್ರೇಸ್ ಮಾಡಿದವಳು ಸರ್ವಮಂಗಳಾ.

"ಲಗ್ನಪತ್ರಿಕೆ ಇದ್ದಂಗದೆ," ಎಂದುಬಿಟ್ಟ. ಆಮೇಲೆ ಅವನ ಕಿವಿ ಕೆಂಪಾಯಿತು. ಎದುರಿಗೆ ಬಹುವಚನದಲ್ಲಿ ಕರೆದರೂ ನನ್ನ ಮನಸ್ಸಿನಲ್ಲಿ ಅವನು ಆ ಹೊತ್ತಿಗಾಗಲೇ ಏಕವಚನಕ್ಕೆ ಇಳಿದಿದ್ದ. ನನಗೆ ಅವನು ಬೇಕಾಗಿದ್ದ, ಅಷ್ಟೇ.

ಕಲ್ಕತ್ತೆಯ ಪೇಟೆಂಟ್ ಏಜೆಂಟರ ಇಂಗ್ಲಿಷ್ ಕಾಗದಗಳನ್ನು ನಾನೇ ಓದಿ ಹೇಳುತ್ತಿದ್ದೆ. ಅರ್ಜಿ ಇನ್ನೂ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ದಾವಣಗೆರೆಯ ವರನ ಕಡೆಯವರು ದಸರಾ ಮುಗಿಯುತ್ತಲೇ ನನ್ನನ್ನು ನೋಡಲು ಬರುವುದೆಂದು ಗೊತ್ತಾಯಿತು.

"ಅಪ್ಪಾಜಿ ಕಣ್ಣಿಗೆ ನೀವು ಬರೀ ಮೆಕ್ಯಾನಿಕ್," ಎಂದೆ. "ದಸರಾ ಎಕ್ಸಿಬಿಷನ್‌ನಲ್ಲಿ ವಾಲ್ವ್ ಇಡಿ. ನಾಲ್ಕು ಜನ ಹೊಗಳೋದನ್ನ ಕಣ್ಣಾರೆ ನೋಡಿದ್ರೆ ಅವರ ಮನಸ್ಸು ಕರಗಬಹುದು."

ಅವನು ಬೆರಳಿನ ಗ್ರೀಸನ್ನು ಉಗುರಿನಿಂದ ಕೆರೆದುಕೊಂಡ. "ಆಗ್ಲಿ ಬುಡಿ," ಎಂದ ಕೊನೆಗೆ.

ಎಕ್ಸಿಬಿಷನ್ನಿನಲ್ಲಿ ಎಂಜಿನ್ ಓಡಿಸಿ, ಹೊಗೆ ಕೊಳವೆಗೆ ಬಿಳಿ ಬಟ್ಟೆ ಹಿಡಿದ. ಹಳೇ ನಾಝಲ್ಲಿಗೆ ಬಟ್ಟೆ ಮಸಿಯಾಯಿತು. ಹೊಸದಕ್ಕೆ ಹಿಡಿದದ್ದು ಅವನು ಒಗೆದಿಟ್ಟುಕೊಂಡಿದ್ದ ನನ್ನ ಕರವಸ್ತ್ರ, ಅದು ಬಿಳುಪಾಗಿಯೇ ಉಳಿಯಿತು. ಜನ ಮುಗಿಬಿದ್ದರು. ಯಾರೋ ಇಬ್ಬರು ಪ್ಯಾಂಟಿನವರು ಅಳತೆ ಬರೆದುಕೊಂಡರು. ಅಪ್ಪಾಜಿ ಅವನ ಬೆನ್ನು ತಟ್ಟಿದರು.

ಮನೆಗೆ ನಡೆದು ಬರುವಾಗ ಅವರೇ ಮಾತು ತೆಗೆದರು.

"ಚಿನ್ನದಂಥ ಹುಡುಗ. ನಮ್ಮ ಪೈಕಿಯೋನಾಗಿದ್ದಿದ್ರೆ ನಾನೇ ಹೋಗಿ ಕೇಳ್ತಿದ್ದೆ ಕಣಮ್ಮ."

ಅಷ್ಟು ಹೇಳಿ, ದಾವಣಗೆರೆಯವರಿಗೆ ಏನು ತಿಂಡಿ ಮಾಡಿಸಬೇಕೆಂದು ಕೇಳಿದರು. ಅವರಿಗೆ ಎಲ್ಲವೂ ಗೊತ್ತಿತ್ತು ಎಂದು ನನಗೆ ಆಗ ತಿಳಿಯಿತು.

ನನ್ನ ಲಗ್ನ ನಿಶ್ಚಯವಾಯಿತು. ಸಂಕ್ರಾಂತಿಯ ಹೊತ್ತಿಗೆ ಅದೇ ವಾಲ್ವ್ ಯಾವುದೋ ಕಂಪನಿಯ ಹೆಸರಿನಲ್ಲಿ ಅಂಗಡಿಗೆ ಬಂತು. ಅರ್ಜಿಗೆ ಮೊದಲೇ ಹತ್ತು ಜನರಿಗೆ ತೋರಿಸಿದ್ದು ಹೊಸದೆನಿಸುವುದಿಲ್ಲ ಎಂದು ಏಜೆಂಟರು ನಕ್ಷೆಯನ್ನು ಹಿಂದಕ್ಕೆ ಕಳಿಸಿದರು.

ಚೆಲುವಯ್ಯ ಅದನ್ನು ಸುರುಳಿ ಸುತ್ತಿ ನನಗೆ ಕೊಡಲು ಬಂದ. ಜಗುಲಿಯ ಮೇಲೆ ಅಪ್ಪಾಜಿ ಎಂದಿನಂತೆ ಪೇಪರ್ ಹಿಡಿದು ಕೂತಿದ್ದರು. ಬಿಚ್ಚಿದರೆ ಒಳಗೆ ಒಂದು ಕಾಗದ, ಕಲ್ಕತ್ತೆಯದು, ನಾನು ಓದಿರದದ್ದು. ದಸರೆಗೆ ಮೂರು ವಾರ ಮೊದಲಿನ ತಾರೀಖು. ಅರ್ಜಿ ಸಲ್ಲಿಸುವವರೆಗೆ ಯಾರಿಗೂ ತೋರಿಸಕೂಡದು, ತೋರಿಸಿದರೆ ಹಕ್ಕು ಹೋಗುತ್ತದೆ ಎಂದಿತ್ತು.

"ಇದನ್ನ ಯಾರ ಹತ್ರ ಓದಿಸಿದ್ರಿ?"

"ಪೋಸ್ಟ್ ಮಾಸ್ಟರ್ ಹತ್ರ."

"ಯಾವಾಗ?"

"ಬಂದ ದಿನಾನೇ."

"ನಾನು ಎಕ್ಸಿಬಿಷನ್ ಅಂದಾಗ ಗೊತ್ತಿತ್ತಲ್ಲ. ಮತ್ಯಾಕೆ ವಾಲ್ವ್ ಅಲ್ಲಿಟ್ರಿ?"

ಅವನು ಕೈ ನೋಡಿಕೊಂಡ. "ಅರ್ಜಿ ಹೋಗಕ್ಕೆ ಇನ್ನೂ ಎರಡು ತಿಂಗ್ಳು ಇತ್ತು ಮಂಗಳಮ್ಮೋರೆ. ದಾವಣಗೆರೆಯವ್ರು ದಸರಾ ಕಳೀತಿದ್ದಂಗೇ ಬರೋರಿದ್ರು."

ನನಗೆ ಅಳು ಬಂತು. ಅಪ್ಪಾಜಿಯ ಪೇಪರ್ ಅಲ್ಲಾಡಲಿಲ್ಲ.

"ನಿಮ್ಮನ್ನ ಬಿಟ್ಟು ಇನ್ಯಾರೂ ನನಗೆ ಬೇಕಿರಲಿಲ್ಲ," ಎಂದೆ. ಗಟ್ಟಿಯಾಗಿಯೇ ಹೇಳಿದೆ. ಕೇಳಿಸಿಕೊಳ್ಳಲಿ ಎಂದೇ.

"ನಂಗೂ," ಎಂದ. ಪೇಪರ್ ಆಗಲೂ ಅಲ್ಲಾಡಲಿಲ್ಲ.

ಎರಡು ಹೆಸರಿನ ಆ ನಕ್ಷೆಯನ್ನು ನಾನು ಗಂಡನ ಮನೆಗೆ ಒಯ್ಯುವಂತಿರಲಿಲ್ಲ. ಒಳಗೆ ಹೋಗಿ ಬಿಸಿನೀರಿನ ಬೋಗುಣಿಗೆ ಹಾಕಿದೆ. ಮೊದಲು ನಾಝಲ್ ಕರಗಿತು, ಆಮೇಲೆ ಅಳತೆಗಳು. ಮೂಲೆಯ ಚೌಕವನ್ನು ನಾನೇ ಉಜ್ಜಬೇಕಾಯಿತು. ಅವನು ಜಗುಲಿಯ ಮೇಲೆ ಕಾಯುತ್ತಾ ಕೂತಿದ್ದ. ಬಟ್ಟೆಯನ್ನು ಹಿಂಡಿ, ಎರಡಾಗಿ ಹರಿದು, ಒಂದನ್ನು ಒದ್ದೆಯಾಗಿರುವಾಗಲೇ ಅವನ ಕೈಗೆ ಕೊಟ್ಟೆ.

ಇನ್ನೊಂದು ನನ್ನ ಟ್ರಂಕಿನಲ್ಲಿದೆ. ದಾವಣಗೆರೆಯಲ್ಲಿ ಯಾರಾದರೂ ಕೇಳಿದರೆ, ಕೆಟ್ಟುಹೋದ ನಕ್ಷೆಯ ಬಟ್ಟೆ ಎನ್ನುತ್ತೇನೆ.