ಕಿತ್ತು ಕೂರಿಸಿದ ಮೂರು ಮೆಟ್ಟಿಲು

"ಈ ಕಲ್ಲಿನ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ," ಎಂದಳು ಗೈಡ್. "ಪುಟ್ಟ ಹಕ್ಕಿ ಸಿಕ್ತಾ? ಆಗಿನ ಕಾಲದಲ್ಲಿ ಕೋಟೆ ಕಟ್ಟೋ ಪ್ರತಿಯೊಬ್ಬ ಕಲ್ಲುಕುಟಿಗನಿಗೂ ತನ್ನದೇ ಒಂದು ಗುರುತು ಇರ್ತಿತ್ತು. ತಾನು ಕಡೆದ ಕಲ್ಲಿಗೆ ಅದನ್ನ ಹೊಡೀತಿದ್ದ. ಐನೂರು ವರ್ಷದ ಹಿಂದೆ ಈ ಹಕ್ಕಿ ಕೆತ್ತಿದವನು, ನನಗನ್ಸುತ್ತೆ, ಯಾರನ್ನೋ ಪ್ರೀತಿಸ್ತಿದ್ದ. ಆ ಹುಡುಗಿ ದಿನಾ ಈ ಬಾವಿಗೆ ಬರೋಳು. ಅವಳ ಕಣ್ಣಿಗೆ ಬೀಳಲಿ ಅಂತಾನೇ ಇಷ್ಟು ಕೆಳಗೆ..."

ಮೇಲಿನಿಂದ ಯಾರೋ ಕಿಸಕ್ಕನೆ ನಕ್ಕರು.

ಎಲ್ಲರೂ ತಲೆಯೆತ್ತಿದರು. ಬುರುಜಿಗೆ ಕಟ್ಟಿದ್ದ ಸಾರುವೆಯ ಹಲಗೆ ಮೇಲೆ ಒಬ್ಬ ಕಾಲು ಇಳಿಬಿಟ್ಟು ಕೂತಿದ್ದ. ತಲೆಗೂದಲು, ಹುಬ್ಬು, ರೆಪ್ಪೆಯ ತುದಿಯೆಲ್ಲ ಸುಣ್ಣದ ಬಿಳುಪು. ನಡುವೆ ಎರಡು ಕಪ್ಪು ಕಣ್ಣುಗಳು ಮಾತ್ರ ತುಂಟತನದಿಂದ ಹೊಳೆಯುತ್ತಿದ್ದವು.

"ಕ್ಷಮಿಸಿ ಮೇಡಂ," ಎಂದ. "ಆ ಹಕ್ಕಿ ಕೆತ್ತಿದವನು ನಾನೇ. ಹೋದ ಗುರುವಾರ."

ಪ್ರವಾಸಿಗಳು ಗೊಳ್ಳೆಂದರು. ಗೈಡ್ ಮುಖ ಕೆಂಪಗಾಯಿತು. ಹತ್ತು ದಿನ ಅವಳು ಕೆಳಗಿನ ಕೋಟೆಗಳಲ್ಲಿ ಬೇರೆ ತಂಡದ ಜೊತೆ ಸುತ್ತುತ್ತಿದ್ದಳು. ಊರಿಗೆ ಮೇಸ್ತ್ರಿ ಬಂದಿದ್ದಾನೆಂದು ಅಮ್ಮ ಫೋನಿನಲ್ಲಿ ಹೇಳಿದ್ದು ನಿಜ. ಆದರೆ ಹೊಸ ಕಲ್ಲಿಗೆ ಮಸಿನೀರು ಬಳಿದು, ಅಕ್ಕಪಕ್ಕದ ಹಳೆಯ ಕಲ್ಲುಗಳ ಬಣ್ಣಕ್ಕೇ ತಂದು ಕೂರಿಸಿದ್ದಾನೆಂದು ಅವಳಿಗೆ ಹೇಗೆ ಗೊತ್ತಾಗಬೇಕು? ಅವನ ಕೆಲಸ ಅಷ್ಟು ಚೆನ್ನಾಗಿತ್ತು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

"ಹಾಗಾದ್ರೆ ಬಾವಿಗೆ ಬರೋ ಹುಡುಗಿ?" ತಂಡದ ಅಜ್ಜಿಯೊಬ್ಬರು ಕತ್ತೆತ್ತಿ ಕೇಳಿದರು.

"ಯಾರೂ ಇಲ್ಲ ಅಜ್ಜಿ," ಎಂದ ಮೇಸ್ತ್ರಿ. ಹೇಳುತ್ತ ಹೇಳುತ್ತ ಗೈಡ್ ಕಡೆ ನೋಡಿದ. ನೋಡಿದವನು ಕಣ್ಣು ತೆಗೆಯುವುದನ್ನೇ ಮರೆತ. "ಇವತ್ತು ಬೆಳಗಿನವರೆಗಂತೂ ಯಾರೂ ಇರ್ಲಿಲ್ಲ."

ಬಸ್ಸು ಸುತ್ತುವ ಏಳು ಕೋಟೆಗಳಲ್ಲಿ ಈ ಊರಿನದೇ ಕೊನೆಯದು, ಎಲ್ಲಕ್ಕಿಂತ ಎತ್ತರದ್ದು. ಇದರ ಬೆನ್ನ ಹಿಂದೆಯೇ ಗಡಿ. ಮೂರು ವರ್ಷದ ಹಿಂದೆ ಬುರುಜಿನೊಳಗಿನ ಸುರುಳಿ ಮೆಟ್ಟಿಲು ಕುಸಿದು ಬಿದ್ದಿತ್ತು. ಅಂದಿನಿಂದ ಬಂದವರು ಬಾವಿಕಟ್ಟೆಯ ತನಕ ಹತ್ತಿ, ಒಂದು ಫೋಟೋ ತೆಗೆದು, ಟೀ ಕುಡಿದು ವಾಪಸಾಗುತ್ತಿದ್ದರು. ರಾತ್ರಿ ಉಳಿಯುವವರಿಲ್ಲದೆ ಊರಿನ ಬಾಡಿಗೆ ರೂಮುಗಳಿಗೆ ಬೀಗ ಬಿದ್ದಿತ್ತು. ಕೊನೆಗೆ ಟೂರ್ ಕಂಪನಿ ಖಡಾಖಂಡಿತವಾಗಿ ಹೇಳಿತು: ತಿಂಗಳ ಕೊನೆಯ ಶನಿವಾರ ಮ್ಯಾನೇಜರ್ ಬರುತ್ತಾರೆ, ತಂಡದ ಜೊತೆ ಕೋಟೆಯ ತುದಿ ಮುಟ್ಟಿದರೆ ಊರು ಪಟ್ಟಿಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷದಿಂದ ಆರೇ ಕೋಟೆ. ಎರಡು ವರ್ಷ ಇಲಾಖೆಯ ಬಾಗಿಲು ಬಡಿದು ಬಡಿದು ಮೇಸ್ತ್ರಿಯನ್ನು ತರಿಸಿದವಳು ಗೈಡ್. ಬಂದವನು ಉಳಿದುಕೊಂಡಿದ್ದು ಅವಳ ಮನೆಯ ಮಹಡಿ ರೂಮಿನಲ್ಲೇ.

"ಇವತ್ತು ಎಷ್ಟಾಯ್ತು?" ಸಂಜೆ ಅವನು ಕೈಕಾಲು ತೊಳೆದು ಅಡುಗೆಮನೆಗೆ ಬಂದ ಕೂಡಲೇ ಅವಳ ಮೊದಲ ಪ್ರಶ್ನೆ.

"ಎರಡು ಮೆಟ್ಟಿಲು."

"ಬರೀ ಎರಡಾ? ಸಿಮೆಂಟ್ ಹಾಕಿ ಬೇಗ ಮುಗಿಸೋಕೆ ಏನ್ರೀ ಕಷ್ಟ?"

"ಸಿಮೆಂಟ್ ಹಾಕಿದ್ರೆ ಹಳೇ ಕಲ್ಲು ಉಸಿರು ಕಟ್ಟಿ ಒಡೆದುಹೋಗುತ್ತೆ. ಸುಣ್ಣದ ಗಾರೇನೇ ಆಗ್ಬೇಕು. ಮೆಟ್ಟಿಲು ಕೂರಿಸಿದ ಮೇಲೆ ಹತ್ತು ದಿನ ಒದ್ದೆ ಗೋಣಿ ಹೊದಿಸಿಡಬೇಕು, ಅದರ ಮೇಲೆ ಯಾರೂ ಕಾಲಿಡೋ ಹಾಗಿಲ್ಲ. ಸುಣ್ಣಕ್ಕೆ ಅವಸರ ಮಾಡಿದ್ರೆ ಆಗಲ್ಲ."

"ಸುಣ್ಣಕ್ಕಾ, ನಿಮಗಾ?"

ಅವನು ನಕ್ಕು ಟೀ ಲೋಟದೊಳಗೆ ಮುಖ ಹುದುಗಿಸಿದ. ಅಮ್ಮ ಒಲೆ ಕಡೆ ತಿರುಗಿಕೊಂಡೇ ಹೇಳಿದಳು, "ಕಾಲು ಕೆರೆದು ಜಗಳ ತೆಗೀಬೇಡ ಕಣೇ. ಇಡೀ ದಿನ ಬಸ್ಸಲ್ಲಿ ಮಾತಾಡಿ ಬಂದ್ರೂ ಇವಳ ಬಾಯಿಗೆ ಸುಸ್ತಿಲ್ಲ ನೋಡಪ್ಪ."

"ಇರ್ಲಿ ಬಿಡಿ ಅಮ್ಮ," ಎಂದ ಮೇಸ್ತ್ರಿ. "ಇಡೀ ದಿನ ಕಲ್ಲಿನ ಜೊತೆ ಇರೋನಿಗೆ ಇದು ಬೇಕು."

ಅವಳಿಗೆ ತಿರುಗಿ ಒಂದು ಮಾತು ಹೇಳಬೇಕೆನಿಸಿತು. ಮಾತೇ ಹೊಟ್ಟೆಪಾಡಾದವಳಿಗೆ ಆ ಹೊತ್ತಿನಲ್ಲಿ ಒಂದು ಪದವೂ ಸಿಗಲಿಲ್ಲ.

ಆಮೇಲೆ ಹಾಗಾಗುವುದು ರೂಢಿಯಾಯಿತು. ತಂಡವಿಲ್ಲದ ದಿನ ಅವಳು ಬುತ್ತಿ ಹಿಡಿದು ಬುರುಜಿಗೆ ಹೋಗುವಳು. ಅವನು ಉಳಿ ಕೆಳಗಿಡುವನು. ಯಾವ ಕಲ್ಲಿಗೆ ಯಾವ ದನಿ, ಬಡಿದರೆ ಗಟ್ಟಿಕಲ್ಲು ಹೇಗೆ ಕೂಗುತ್ತದೆ, ಬಿರುಕು ಬಿಟ್ಟದ್ದು ಹೇಗೆ ಕೆಮ್ಮುತ್ತದೆ ಎಂದು ಬಡಿದು ತೋರಿಸುವನು. ಅವಳು ಕಿವಿಯಿಟ್ಟು ಕೇಳುವಳು. ಅವಳ ಕಿವಿ ಕಲ್ಲಿನ ಹತ್ತಿರ, ಅವನ ಕೈ ಅವಳ ಕೆನ್ನೆಯ ಹತ್ತಿರ. ಆ ಕೈ ಒಮ್ಮೆಯೂ ತಗುಲಲಿಲ್ಲ. ತಗುಲಲಿಲ್ಲವಲ್ಲ ಎಂದು ಅವಳು ಇಳಿಯುವ ದಾರಿಯುದ್ದಕ್ಕೂ ಯೋಚಿಸುವಳು.

"ಇದು ಮುಗಿದ ಮೇಲೆ ಎಲ್ಲಿಗೆ?" ಒಂದು ದಿನ ಕೇಳಿದಳು.

"ಸಮುದ್ರದ ಕಡೆ ಒಂದು ಹಳೇ ದೀಪದ ಗೋಪುರ ಇದೆ. ಇಲ್ಲಿಂದ ಎರಡು ದಿನದ ದಾರಿ. ಒಂದು ಕಡೆ ನಿಂತವನಲ್ಲ ನಾನು."

"ಒಳ್ಳೇದಾಯ್ತು," ಎಂದಳು. ಅವಳಿಗೆ ಎಳ್ಳಷ್ಟೂ ಒಳ್ಳೆಯದೆನಿಸಲಿಲ್ಲ. ಬೇಗ ಮುಗಿಸಿ ಎಂದು ದಿನಾ ಪೀಡಿಸುವವಳು ತಾನೇ, ಮುಗಿದ ಮರುದಿನ ಹೋಗಿಬಿಡುವವನು ಅವನು. ದೇವರೇ, ಇದೆಂಥ ಫಜೀತಿ ಎಂದುಕೊಂಡಳು.

ಅವನು ಅವಳನ್ನೇ ನೋಡುತ್ತಿದ್ದ. "ಸುಳ್ಳು ಹೇಳುವಾಗ ನೀವು ಎಡಗಿವಿ ಮುಟ್ಕೊಳ್ತೀರಿ, ಗೊತ್ತಾ?"

ಅವಳು ಕಿವಿಯಿಂದ ಕೈ ಸರ್ರನೆ ಕೆಳಗಿಳಿಸಿದಳು.

ಆ ಬುಧವಾರ ಫೋನ್ ಬಂತು. ಮ್ಯಾನೇಜರ್ ಕಾರ್ಯಕ್ರಮ ಬದಲಾಗಿತ್ತು. ಮುಂದಿನ ಶನಿವಾರವಲ್ಲ, ಇದೇ ಶನಿವಾರ ಬರುತ್ತಾರೆ, ಹದಿನೆಂಟು ಜನರ ತಂಡ ಕರೆದುಕೊಂಡು. ಗೈಡ್ ಬೆರಳು ಮಡಿಸಿ ಲೆಕ್ಕ ಹಾಕಿದಳು. ಕೊನೆಯ ಮೆಟ್ಟಿಲು ಕೂರಿಸಿ ಆಗಲೇ ಎರಡು ವಾರವಾಗಿತ್ತು. ಗಾರೆ ಹಿಡಿದಿರಬೇಕು. ಒಂದೇ ಉಸಿರಿಗೆ ಬುರುಜಿಗೆ ಓಡಿದಳು.

"ಶನಿವಾರ ಹತ್ತಬಹುದು ಅಲ್ವಾ?"

ಮೇಸ್ತ್ರಿ ಪಕ್ಕಕ್ಕೆ ಸರಿದ. ಅವನ ಹಿಂದೆ, ಸುರುಳಿಯ ಮೊದಲ ತಿರುವಿನಲ್ಲಿ, ಮೂರು ಮೆಟ್ಟಿಲುಗಳ ಮೇಲೆ ಒದ್ದೆ ಗೋಣಿ ಹೊದಿಸಿತ್ತು.

"ಇದೇನಿದು? ಇಲ್ಲಿ ಯಾವತ್ತೋ ಮುಗಿದಿತ್ತಲ್ಲ?"

"ಮೊನ್ನೆ ಸೋಮವಾರ ಕಿತ್ತು ಮತ್ತೆ ಕೂರಿಸಿದೆ."

"ಸರಿಯಿರ್ಲಿಲ್ವಾ?"

ಸುಳ್ಳು ಹೇಳುವುದಕ್ಕೆ ಅವನಿಗೆ ಎಷ್ಟೊತ್ತಿನ ಕೆಲಸ? ಅವನು ಹೇಳಲಿಲ್ಲ. "ಚೆನ್ನಾಗೇ ಇತ್ತು," ಎಂದ. "ಕೆಲಸ ಮುಗಿದುಬಿಟ್ಟಿತ್ತು. ಹೊರಡಬೇಕಿತ್ತು. ಇನ್ನೊಂದು ಹತ್ತು ದಿನ ನಿಮ್ಮನೆ ಅಡುಗೆಮನೇಲಿ ಕೂತ್ಕೊಂಡು ನಿಮ್ಮ ಹತ್ರ ಬೈಸ್ಕೊಳ್ಳೋ ಆಸೆ ಆಯ್ತು. ಮುಂದಿನ ಶನಿವಾರಕ್ಕೆ ಹೇಗೂ ರೆಡಿ ಆಗುತ್ತಲ್ಲ ಅಂತ ಲೆಕ್ಕ ಹಾಕ್ಕೊಂಡೇ ಕಿತ್ತೆ."

ಇಂಥದೊಂದು ಮಾತಿಗಾಗಿ ಅವಳು ಎಷ್ಟು ದಿನದಿಂದ ಹಂಬಲಿಸಿದ್ದಳು! ಅದು ಬಂದದ್ದು ಎಂಥ ಹೊತ್ತಿಗೆ!

"ಹಲಗೆ ಹಾಕಿ ದಾಟಿಸೋಕಾಗಲ್ವಾ?"

"ಭಾರ ಎಲ್ಲ ಈ ಮೂರರ ಮೇಲೇ ಬೀಳುತ್ತೆ. ಜರುಗಿದ್ರೆ ಮೇಲಿನದೆಲ್ಲ ಕೆಳಗೆ ಬರುತ್ತೆ."

"ನಾನು ಎರಡು ವರ್ಷ ಅಲೆದಿದ್ದು ಇದಕ್ಕಾ?" ಅವಳು ಗೋಣಿಯತ್ತ ಕೈ ತೋರಿದಳು. "ನೀವು ಕಿತ್ತಿದ್ದು ಮೂರು ಮೆಟ್ಟಿಲಲ್ಲ, ನಮ್ಮೂರಿನ ಅನ್ನ. ನನ್ನ ಹತ್ರ ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ಏನಾಗ್ತಿತ್ತು ನಿಮಗೆ?"

ಅವಳು ಕಣ್ಣೊರೆಸಿಕೊಳ್ಳುತ್ತ ಇಳಿದು ಹೋದಳು.

ಮಗಳು ಹೇಳಿದ್ದನ್ನೆಲ್ಲ ಅಮ್ಮ ಕೇಳಿಸಿಕೊಂಡಳು. "ಅಳೋದನ್ನ ಆಮೇಲೆ ಅಳು," ಎಂದಳು. "ಬುರುಜು ಬಿಟ್ಟು ಮೇಲೆ ಹೋಗೋಕೆ ಬೇರೆ ದಾರೀನೇ ಇಲ್ವೇನೇ? ನಾನು ಚಿಕ್ಕವಳಿದ್ದಾಗ ಹಿಂದಿನ ಬಾಗಿಲಿಂದ ಕುರಿ ಹೊಡ್ಕೊಂಡು ಬರೋರು."

ಗೈಡ್ ತಲೆಯೆತ್ತಿದಳು. ಕೋಟೆಗೆ ಹಿಂಬಾಗಿಲೊಂದಿತ್ತು, ಗಡಿಯ ಆ ಕಡೆಗೆ ತೆರೆಯುವಂಥದು. ಗಡಿ ಠಾಣೆ ದಾಟಿ, ಪಕ್ಕದ ದೇಶದ ನೆಲದಲ್ಲಿ ಮುಕ್ಕಾಲು ಗಂಟೆ ನಡೆದರೆ ಅಲ್ಲಿಗೆ ತಲುಪಬಹುದು. ಆದರೆ ಬಾಗಿಲಿಗೆ ಕಲ್ಲು ಕಟ್ಟಿ ಮುಚ್ಚಿ ನಲವತ್ತು ವರ್ಷವಾಗಿತ್ತು.

"ನಿನ್ನ ಮೇಸ್ತ್ರಿಗೆ ಹೇಳಮ್ಮ," ಎಂದಳು, ಚಪ್ಪಲಿ ಹುಡುಕುತ್ತ. "ಶನಿವಾರ ಬೆಳಗ್ಗೆ ಆ ಬಾಗಿಲು ತೆಗೆದಿರಬೇಕು ಅಂತ. ನಾನಂತೂ ಅವರ ಹತ್ರ ಮಾತಾಡಲ್ಲ."

"ಈಗ 'ನನ್ನ' ಮೇಸ್ತ್ರಿ ಆದ್ನಾ?" ಎಂದಳು ಅಮ್ಮ. ಮಗಳು ಆಗಲೇ ಬೀದಿಯಲ್ಲಿದ್ದಳು.

ಗುರುವಾರ, ಶುಕ್ರವಾರ ಎರಡು ದಿನವೂ ಅವಳು ಎರಡು ದೇಶದ ಕಚೇರಿಗಳ ಬೆಂಚು ಸವೆಸಿದಳು. ಆಗಲ್ಲ ಎಂದ ಗುಮಾಸ್ತರ ಮುಂದೆ ಜಗ್ಗದೆ ಕೂತಳು. ಶುಕ್ರವಾರ ಕಚೇರಿ ಮುಚ್ಚುವ ಹೊತ್ತಿಗೆ ಒಂದು ದಿನದ ಪರವಾನಗಿ ಅವಳ ಕೈಯಲ್ಲಿತ್ತು. ಮೇಲೆ, ಅದೇ ಎರಡು ದಿನ ಮೇಸ್ತ್ರಿ ಒಬ್ಬನೇ ಕಲ್ಲು ಬಿಚ್ಚುತ್ತಿದ್ದ. ಕಸುಬಿನವರಷ್ಟೇ ಹತ್ತಬಲ್ಲ ಸಾರುವೆ ಏಣಿ ಹತ್ತಿ ಹೋದವನು ಕೆಳಗೆ ಬರಲೇ ಇಲ್ಲ, ಅಲ್ಲೇ ಮಲಗಿದ. ಅಮ್ಮ ಹಗ್ಗದ ಬುಟ್ಟಿಯಲ್ಲಿ ಕಳಿಸಿದ ರೊಟ್ಟಿಯನ್ನು ಅರ್ಧ ತಿಂದು ಅರ್ಧ ಮರೆತ.

ಶನಿವಾರ ಗಡಿ ಠಾಣೆಯ ಕಾವಲುಗಾರ ಮುಖ ಗಂಟಿಕ್ಕಿಕೊಂಡು ತಲೆ ಎಣಿಸಿದ. ಗೈಡನ್ನು ಚಿಕ್ಕಂದಿನಿಂದ ನೋಡಿದವನೇ, ಅವಳು ಮಾಮ ಎಂದೇ ಕರೆಯುವಳು. ಆದರೂ ಕಾನೂನು ಅಂದರೆ ಕಾನೂನು. "ತಂಡ ಹದಿನೆಂಟು, ಮ್ಯಾನೇಜರ್ ಒಂದು, ನೀನೊಂದು. ಇಪ್ಪತ್ತು. ವಾಪಸ್ ಬರುವಾಗಲೂ ಇಪ್ಪತ್ತೇ ಇರ್ಬೇಕು."

ಮ್ಯಾನೇಜರ್ ಮೊಣಕಾಲು ಹಿಡಿದುಕೊಂಡು ಮೊದಲಿನ ಕಾಲು ಗಂಟೆ ಗೊಣಗಿದರು. ಗೈಡ್ ಕಿವಿಗೆ ಹಾಕಿಕೊಳ್ಳಲಿಲ್ಲ. ಏರಿನ ತಿರುವಿನಲ್ಲಿ ಎಲ್ಲರನ್ನೂ ನಿಲ್ಲಿಸಿದಳು. ತಲೆಯ ಮೇಲೆ ಕೋಟೆಯ ಬೆನ್ನು ಬೃಹದಾಕಾರವಾಗಿ ನಿಂತಿತ್ತು, ಕಿಟಕಿಯಿಲ್ಲದ ಗೋಡೆ, ಬಾಣ ಬಿಡುವ ಸೀಳುಗಳು ಮಾತ್ರ.

"ಈ ಕೋಟೆ ಕಟ್ಟಿದ್ದೇ ಈ ಕಡೆಯವರ ಭಯಕ್ಕೆ," ಎಂದಳು. "ಎಂಟು ಸಲ ಸೈನ್ಯ ಇಲ್ಲೇ ನಿಂತಿತ್ತು. ಎಂಟು ಸಲವೂ ಒಳಗೆ ಹೋಗೋಕಾಗ್ಲಿಲ್ಲ. ಇವತ್ತು ನಾವು ಇಪ್ಪತ್ತು ಜನ ಹೋಗ್ತಿದೀವಿ. ಬಾಗಿಲು ತೆರೆದಿದ್ರೆ!"

ಅದರಲ್ಲಿ ಕಟ್ಟುಕತೆ ಒಂದಕ್ಷರವೂ ಇರಲಿಲ್ಲ. ಮ್ಯಾನೇಜರ್ ಗೊಣಗುವುದನ್ನು ಬಿಟ್ಟು ಎಲ್ಲರಿಗಿಂತ ಮುಂದೆ ಹತ್ತತೊಡಗಿದರು.

ಬಾಗಿಲು ತೆರೆದಿತ್ತು. ನಲವತ್ತು ವರ್ಷದ ಕಲ್ಲು ಎರಡೂ ಪಕ್ಕ ಒಪ್ಪವಾಗಿ ಜೋಡಿಸಿಟ್ಟಿತ್ತು, ಹೊಸ್ತಿಲು ಗುಡಿಸಿತ್ತು. ಪಕ್ಕದಲ್ಲಿ ಮೇಸ್ತ್ರಿ ನಿಂತಿದ್ದ. ಅಂಗೈಗಳಿಗೆ ಬಟ್ಟೆ ಸುತ್ತಿದ್ದ, ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಅವಳನ್ನು ನೋಡಿ ನೋಟ ಕೆಳಗಿಳಿಸಿದ. ಅವಳು ಸುಮ್ಮನೆ ದಾಟಿ ಹೋದಳು. ಆದರೆ ಆ ಬಟ್ಟೆ ಸುತ್ತಿದ ಕೈ ಅವಳ ಕಣ್ಣಿಂದ ಮರೆಯಾಗಲಿಲ್ಲ.

ಕೊನೆಗೂ ಕೋಟೆಯ ತುದಿ ಮುಟ್ಟಿದರು. ಬಲಕ್ಕೆ ಒಂದು ದೇಶ, ಎಡಕ್ಕೆ ಇನ್ನೊಂದು, ಮಧ್ಯೆ ಬಿಸಿಲು. ಹತ್ತಿ ಬಂದವರೇ ಆಮೇಲೆ ತಾವಾಗಿ ಚಪ್ಪಾಳೆ ತಟ್ಟಿದರು.

"ಪಟ್ಟಿಯಿಂದ ತೆಗೆಯೋ ಮಾತೇ ಇಲ್ಲ," ಎಂದರು ಮ್ಯಾನೇಜರ್, ಏದುಸಿರು ಬಿಡುತ್ತ. "ಹಿಂದಿನಿಂದ ಹತ್ತೋದು, ಮೆಟ್ಟಿಲಿಂದ ಇಳಿಯೋದು. ಪ್ರತಿ ತಂಡವೂ ನಿಮ್ಮೂರಲ್ಲಿ ಎರಡು ರಾತ್ರಿ ಇರ್ಲಿ. ಪರವಾನಗಿ ವಿಚಾರ ಕಂಪನಿ ನೋಡ್ಕೊಳ್ಳುತ್ತೆ. ಆದ್ರೂ ಮೆಟ್ಟಿಲು ಯಾಕಮ್ಮ ತಡ ಆಯ್ತು?"

ಅವಳು ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಮುಂದೆ ಬಂದ. "ತಪ್ಪು ನನ್ನದು ಸಾರ್, ಅವರದಲ್ಲ. ಈ ಊರು ಬಿಟ್ಟು ಹೋಗೋಕೆ ಮನಸ್ಸಿಲ್ದೆ ಕೆಲಸ ಎಳೆದೆ."

"ಊರು ಅಷ್ಟು ಹಿಡಿಸ್ತಾ?"

"ಊರೂ ಹಿಡಿಸ್ತು," ಎಂದ ಮೇಸ್ತ್ರಿ. ಹದಿನೆಂಟು ಜೋಡಿ ಕಣ್ಣು ಗೈಡ್ ಕಡೆ ತಿರುಗಿದವು. ಅವಳು ದೂರದ ಬೆಟ್ಟದಲ್ಲಿ ಏನೋ ಹುಡುಕುವವಳಂತೆ ನಿಂತಳು. ಸಿಟ್ಟು ಎಲ್ಲಿ ಹೋಯಿತೆಂದು ಅವಳಿಗೇ ತಿಳಿಯಲಿಲ್ಲ.

ಇಳಿಯುವಾಗ ಮೂರು ದಿನದ ಮೇಲೆ ಮೊದಲ ಸಲ ಅವನ ಜೊತೆ ಮಾತಾಡಿದಳು. "ನೀವು ಹಿಂದೆ ಇರಿ. ವಯಸ್ಸಾದವರು ಜಾರಿದ್ರೆ ಹಿಡ್ಕೊಳ್ಳಿ." ನಾಲ್ಕು ಹೆಜ್ಜೆ ಹೋಗಿ ತಿರುಗಿದಳು. "ಮನೇಲಿ ಊಟ ಮಾಡಿ. ಕೈಗೆ ಔಷಧಿ ಹಚ್ತೀನಿ."

ಠಾಣೆಯಲ್ಲಿ ಕಾವಲುಗಾರ ಮತ್ತೆ ಎಣಿಸಿದ. ಎರಡನೇ ಸಲವೂ ಎಣಿಸಿದ. "ಹೋದವರು ಇಪ್ಪತ್ತು. ಬಂದವರು ಇಪ್ಪತ್ತೊಂದು. ಯಾರಪ್ಪ ನೀನು? ಗುರುತಿನ ಚೀಟಿ?"

"ರೂಮಲ್ಲಿದೆ," ಎಂದ ಮೇಸ್ತ್ರಿ.

"ಹಾಗಾದ್ರೆ ಆ ಕಡೆಯೇ ಇರು. ಚೀಟಿ ಇಲ್ದೆ ಬಿಡಬೇಕಾದ್ರೆ ಹತ್ತಿರದ ಸಂಬಂಧಿಕರು ಜವಾಬ್ದಾರಿ ಹೊತ್ತು ಸಹಿ ಹಾಕ್ಬೇಕು. ಇಲ್ಲಿ ನಿನಗೆ ಯಾರಿದಾರೆ?"

ಯಾರೂ ಇಲ್ಲ ಎನ್ನಲು ಮೇಸ್ತ್ರಿ ಬಾಯಿ ತೆರೆದ.

"ನಾನಿದೀನಿ ಮಾಮ," ಎಂದಳು ಗೈಡ್. ಮುಂದೆ ಬಂದು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು.

ಕಾವಲುಗಾರ ಕನ್ನಡಕ ಮೂಗಿನ ತುದಿಗಿಳಿಸಿದ. "ಇವನು ನಿನಗೇನಾಗ್ಬೇಕು?"

ಅವಳು ತಡೆಗಂಬದ ಆಚೆ ನಿಂತವನನ್ನು ನೋಡಿದಳು, ಅವನು ಕಣ್ಣು ತೆಗೆಯದೆ ನೋಡಿದ.

"ಮದುವೆ ಆಗೋ ಹುಡುಗ ಅಂತ ಬರ್ಕೊಳ್ಳಿ," ಎಂದಳು. "ಸಮುದ್ರದ ಕಡೆ ಒಂದು ಕೆಲಸ ಇದೆ. ಮುಗಿಸ್ಕೊಂಡು ಬರ್ತಾರೆ."

"ಹುಡುಗ ಒಪ್ಪಿದಾನಾ?"

ಮೇಸ್ತ್ರಿ ತಲೆಯಾಡಿಸಿದ, ಸಾಲದೆಂಬಂತೆ ಮತ್ತೆ ಮತ್ತೆ ಆಡಿಸಿದ. ಅಷ್ಟರಲ್ಲೇ ಹಿಂದಿನಿಂದ ಜೋರು ಚಪ್ಪಾಳೆ, ಮ್ಯಾನೇಜರದು ಒಂದು ಸೀಟಿ. ಕಾವಲುಗಾರ ಮಾತ್ರ ಗಂಭೀರವಾಗಿ ಪೂರ್ತಿ ಸಾಲು ಬರೆದು, ಇಬ್ಬರಿಂದಲೂ ಸಹಿ ಹಾಕಿಸಿಕೊಂಡು, ಮುದ್ರೆ ಒತ್ತಿ, ಮಸಿ ಒಣಗಲೆಂದು ಎರಡು ಸಲ ಊದಿದ. ಆಮೇಲೆ ಎದ್ದು ಬಂದು ತಡೆಗಂಬವನ್ನು ತಾನೇ ಮೇಲೆತ್ತಿದ.

"ಬಾರಪ್ಪ ಅಳಿಯ," ಎಂದ, "ದಾಟು."